ನಮ್ಮ ಕಾಕಾ ಗೆಣಸು ಕೆತ್ತಿದ್ದು

ಒಂದೂರಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಏಳು ಸುತ್ತಿನ ಕೋಟೆ ಇರಲಿಲ್ಲ. ಸಿಂದಗಿಯ ಬಸ್‌ಸ್ಟ್ಯಾಂಡಿನಿಂದ ಎರಡು ಓಣಿ ಆಚೆ ಮೂರು ಕೋಣೆಯ ಮನೆ ಇತ್ತು. ಏಳು ಜನ ರಾಣಿಯರೂ ಇರಲಿಲ್ಲ. ಒಬ್ಬಳೇ ಇದ್ದಳು, ಏಳು ಜನರ ಮಾತನ್ನು ಅವಳೊಬ್ಬಳೇ ಆಡುತ್ತಿದ್ದಳು. ಗಾಳಿಯಲ್ಲಿ ಹಾರುವ ಕುದುರೆಯ ಬದಲು ಹಳೆಯ ಸ್ಕೂಟಿಯೊಂದಿತ್ತು. ಹಾರುವುದಿರಲಿ, ಮೂರು ಸಲ ಒದೆಯದೆ ಅದು ಉಸಿರೂ ಬಿಡುತ್ತಿರಲಿಲ್ಲ. ಈ ರಾಜ ಒಂದು ದಿನ ತುಂಬಿದ ಸಭೆಯಲ್ಲಿ ತನ್ನ ತಾಯಿಗೆ ಮಾತು ಕೊಟ್ಟ. ಏಳು ಸಮುದ್ರದಾಚೆಯ ಮುತ್ತು ತರುತ್ತೇನೆಂದಲ್ಲ. ಒಂದು ಗೆಣಸು ಬೇಯಿಸಿ ಕೊಡುತ್ತೇನೆಂದು.

ಹೂಂ ಅನ್ನಿ.

ಹೂಂ ಅನ್ನದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಇದು ನಮ್ಮ ಆಯಿ ಶಂಕ್ರೆವ್ವನ ಕಾಯಿದೆ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಚಿಕ್ಕವಳಿದ್ದಾಗ ಅವಳ ಕಥೆ ಕೇಳುತ್ತ ಕೇಳುತ್ತ ನಾನು ಎಲ್ಲೋ ತೇಲಿಹೋಗಿ ಹೂಂ ಅನ್ನುವುದನ್ನು ಮರೆತರೆ ಅವಳು ಅಲ್ಲಿಗೇ ನಿಲ್ಲಿಸಿ ಹೊರಳಿ ಮಲಗುತ್ತಿದ್ದಳು. ನನ್ನ ಮರೆವಿನಿಂದಾಗಿ ಎಷ್ಟೋ ರಾಜಕುಮಾರರು ಒಂದು ಕಾಲು ಕುದುರೆಯ ಮೇಲೆ, ಒಂದು ಕಾಲು ಗಾಳಿಯಲ್ಲಿ ಇಟ್ಟುಕೊಂಡು ಇವತ್ತಿಗೂ ಹಾಗೇ ನಿಂತಿದ್ದಾರೆ.

ಆದರೆ ಆಯಿ ಮಾತ್ರ ಇನ್ನೊಬ್ಬರ ಮಾತಿಗೆ ಹೂಂ ಅಂದವಳಲ್ಲ. ಅದರಲ್ಲೂ ತನ್ನ ಕಿರಿಯ ಮಗ ಬಸಂತರಾಯನ ಮಾತಿಗೆ ಐವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಅಂದಿಲ್ಲ. ಅವನು ಬಾಯಿ ತೆರೆದನೆಂದರೆ ಅವಳು ಗೋಡೆ ನೋಡುತ್ತಾಳೆ. ಬಸಂತರಾಯನೇ ನಮ್ಮ ಕಾಕಾ, ಈ ಕಥೆಯ ರಾಜ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ನಾನು ಬಿ.ಎಡ್. ಓದಲಿಕ್ಕೆಂದು ಮನಗೂಳಿಯಿಂದ ಬಂದು ಎರಡು ವರ್ಷದಿಂದ ಅವನ ಮನೆಯಲ್ಲೇ ಇದ್ದೇನೆ. ಹಾಗಾಗಿ ಆಯಿ ಗೋಡೆಯನ್ನೇಕೆ ನೋಡುತ್ತಾಳೆಂಬುದು ನನಗೆ ಚೆನ್ನಾಗಿ ಗೊತ್ತು. ಕಾಕಾ ಮಾತು ಕೊಡುವುದರಲ್ಲಿ ಕರ್ಣ. ಮುಗಿಸುವುದರಲ್ಲಿ ಮಾತ್ರ ಅವನಿಗೆ ಯಾವುದೋ ಶಾಪವಿದೆ. ಮಗಳು ಹುಟ್ಟುವ ಮೊದಲು ತಾನೇ ಕೈಯಾರೆ ತೊಟ್ಟಿಲು ಮಾಡುತ್ತೇನೆಂದು ಹಲಗೆ ತಂದ. ಅದರಲ್ಲಿ ಮಲಗಬೇಕಿದ್ದ ಮಗಳು ಹೋದ ವರ್ಷ ಮದುವೆಯಾಗಿ ಬಸವನ ಬಾಗೇವಾಡಿಗೆ ಹೋದಳು. ಹಲಗೆ ಇನ್ನೂ ಅಟ್ಟದ ಮೇಲೆ ತೊಟ್ಟಿಲಾಗುವ ದಿನವನ್ನು ಕಾಯುತ್ತಿದೆ.

ಗೆಣಸಿನ ಮಾತು ಹುಟ್ಟಿದ್ದು ಹೋದ ಶಿವರಾತ್ರಿಯ ಸಂಜೆ. ಉಪವಾಸ ಬಿಡಲು ಬಂಧುಬಳಗ ನಮ್ಮ ಮನೆಯಲ್ಲೇ ಕೂಡಿತ್ತು. ಕಾಕಾನ ಹೆಂಡತಿ ವಿದ್ಯಾವತಿ ಕಾಕು ಫಳಾರದ ತಟ್ಟೆಗಳಲ್ಲಿ ಕಲ್ಲಂಗಡಿ, ಖರ್ಜೂರ, ಕುದಿಸಿದ ಶೇಂಗಾ, ಬೇಯಿಸಿದ ಗೆಣಸು ಇಟ್ಟುಕೊಟ್ಟಳು. ಗೆಣಸು ಸ್ವಲ್ಪ ನೀರುನೀರಾಗಿತ್ತು. ಯಾರೂ ಏನೂ ಅನ್ನಲಿಲ್ಲ, ಹಸಿದವರು ಅನ್ನುವುದೂ ಇಲ್ಲ. ಆದರೆ ಕಾಕಾ ಒಂದು ಹೋಳನ್ನು ಎತ್ತಿ ಬೆಳಕಿಗೆ ಹಿಡಿದ.

"ಗೆಣಸು ಅಂದ್ರ ಏನ ತಿಳದೀರಿ? ಅದೊಂದು ಶಾಸ್ತ್ರ ಐತಿ. ಆರಸೂದು ಒಂದು ಶಾಸ್ತ್ರ, ಕುದಸೂದು ಒಂದು ಶಾಸ್ತ್ರ, ಕೆಡಧಂಗ ಇಡೂದು ಒಂದು ಶಾಸ್ತ್ರ. ಹೆಣ್ಣಮಕ್ಕಳು ಸುಮ್ನ ಕುಕ್ಕರಿಗೆ ಹಾಕಿ ಸೀಟಿ ಹೊಡಸ್ತೀರಿ."

ಕಾಕು ಸೆರಗು ಸಿಕ್ಕಿಸಿದಳು. "ಹಂಗಾರ ಮುಂದಿನ ವರ್ಷ ನೀವ ಮಾಡ್ರಿ. ನಾವೂ ಗಂಡಸರಂಗ ಗೋಡಿಗೆ ಆತು ಕುಂತು ಹೆಸರಿಡ್ತೀವಿ."

"ಮಾಡ್ತೇನಿ! ಸಂತ್ಯಾಗ ಆರಸಾಂವ ನಾನ, ಇಡಾಂವ ನಾನ, ಕುದಸಾಂವ ನಾನ. ಯವ್ವಾ, ಮುಂದಿನ ಶಿವರಾತ್ರಿಗೆ ನಿನ್ನ ಉಪಾಸ ನನ್ನ ಕೈಯಾನ ಗೆಣಸಿನ್ಲೇ ಬಿಡಸ್ತೇನಿ!"

ಆಯಿ ಗೋಡೆಯಿಂದ ಕಣ್ಣು ಕಿತ್ತಳು. ಎಂಬತ್ತು ದಾಟಿದ ಆ ಕಣ್ಣು ನಿಧಾನಕ್ಕೆ ತಿರುಗಿ ಅವನ ಮೇಲೆ ಬಂದು ನಿಂತಿತು.

"ಮಾತು ಕೊಟ್ಟಿ?"

"ಕೊಟ್ಟೆ."

"ಹಂಗಾರ ಕೇಳ ಬಸಂತಾ. ನಿನ್ನ ಕೈಯಾನ ಗೆಣಸು ಬರೂತನಾ ಅವತ್ತ ನಾ ಬ್ಯಾರೆ ಏನೂ ಬಾಯಾಗ ಹಾಕೂದಿಲ್ಲ. ಹಾಲೂ ಇಲ್ಲ, ಹಣ್ಣೂ ಇಲ್ಲ."

ನೆರೆದವರೆಲ್ಲ ಶೇಂಗಾ ಅಗಿಯುವುದನ್ನು ನಿಲ್ಲಿಸಿದರು. ಆಯಿ ಹೇಳಿದ್ದನ್ನು ಮಾಡುವವಳು. ಮನೆಯಲ್ಲಿ ಆ ಗುಣ ಅವಳಲ್ಲಿಗೇ ಮುಗಿದುಹೋಗಿತ್ತು.

ವರ್ಷ ಉರುಳಿತು. ಈ ಸಲದ ಶಿವರಾತ್ರಿಗೆ ಹತ್ತು ದಿನ ಇರುವಾಗ ಕಾಕಾ ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಸಂತೆಗೆ ಹೊರಟ. ಹಿಂದಿನ ರಾತ್ರಿಯೆಲ್ಲ ಮೊಬೈಲಿನಲ್ಲಿ ಗೆಣಸಿನ ವಿಡಿಯೋ ನೋಡಿ ಅವನ ಕಣ್ಣು ಕೆಂಪಾಗಿದ್ದವು. ಸಂತೆಯಲ್ಲಿ ಸಗೀರಾ ಎಂಬಾಕೆ ತಾಡಪತ್ರಿಯ ಮೇಲೆ ಗೆಣಸಿನ ಗುಡ್ಡ ಹಾಕಿಕೊಂಡು ಕೂತಿದ್ದಳು. ಕಾಕಾ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ಮೂಸಿದ, ಬೆರಳಿನಿಂದ ಬಾರಿಸಿ ಕಿವಿಗೆ ಹಿಡಿದ, ತೂಗಿ ನೋಡಿದ, ಹೊರಳಿಸಿ ಬೆನ್ನು ನೋಡಿದ. ಅರ್ಧ ಗಂಟೆ ಹೋಯಿತು.

"ಸಾಹೇಬ್ರ," ಸಗೀರಾ ಅಂದಳು, "ಗೆಣಸ ಆರಸಾಕ ಬಂದೀರೋ, ಮಗಳಿಗೆ ವರಾ ನೋಡಾಕ ಬಂದೀರೋ?"

"ನಿನಗ ತಿಳಿಯೂದಿಲ್ಲವಾ. ದಪ್ಪನ್ನವು ಬೇಕು ನನಗ. ತೊಡಿಯಂಗ ಇರಬೇಕು."

"ದಪ್ಪನ್ನವು ಬ್ಯಾಡ್ರಿ, ನಾರ ಇರತಾವ. ಮುಷ್ಟಿಯಾಗ ಹಿಡಿವಂಥವು ತಗೋರಿ. ಗಾಯ ಆಗಿರಬಾರದು, ಮಳಕಿ ಬಂದಿರಬಾರದು. ಮತ್ತ ಒಯ್ದ ಕೂಡ್ಲೆ ತೊಳಿಬ್ಯಾಡ್ರಿ, ಮಣ್ಣ ಇದ್ರ ತಡೀತಾವ."

ಕಾಕಾ ನಕ್ಕ. ಮೊಬೈಲು ನೋಡಿದವನು ಮಣ್ಣಿನಲ್ಲಿ ಬೆಳೆದವಳನ್ನು ನೋಡಿ ನಗುವ ನಗೆ ಅದು. ಇಡೀ ಗುಡ್ಡದಲ್ಲಿ ಅತಿ ದಪ್ಪನೆಯವನ್ನು ಆರಿಸಿ ಹತ್ತು ಕಿಲೋ ತೂಗಿಸಿದ. ಕೆಲವು ಕೈಕೂಸಿನ ಹಾಗಿದ್ದವು. ಸಗೀರಾ ನಿಟ್ಟುಸಿರು ಬಿಟ್ಟು, ತನ್ನ ರೂಢಿಯಂತೆ ಕೊಸರೆಂದು ನಾಲ್ಕು ಸಣ್ಣ ಗೆಣಸುಗಳನ್ನು ಮೇಲೆ ಹಾಕಿದಳು. ಹೆಬ್ಬೆರಳಿಗಿಂತ ತುಸು ದಪ್ಪ, ಮೈತುಂಬ ಮಣ್ಣು.

ಮನೆಗೆ ಬಂದ ಮೇಲೆ ಕಾಕಾ ಆ ನಾಲ್ಕನ್ನು ತೆಗೆದು ನನ್ನ ಕೈಗಿತ್ತ. "ಇಂಥ ದರಿದ್ರ ಗೆಣಸು ನನ್ನ ಮನ್ಯಾಗ ಬ್ಯಾಡ. ಒಗದು ಬಾ."

ಒಗೆಯಲೆಂದೇ ಹೋದೆ. ಆದರೆ ಬಚ್ಚಲ ಒಲೆಯ ಪಕ್ಕದಲ್ಲಿ ಪಾತ್ರೆ ತಿಕ್ಕಲಿಕ್ಕೆಂದು ಬೂದಿ ತುಂಬಿಟ್ಟ ತಗಡಿನ ಡಬ್ಬಿ ಕಂಡಿತು. ಆಯಿಯ ಒಂದು ಕಥೆಯಲ್ಲಿ, ಮನೆಯಿಂದ ಹೊರಹಾಕಿದ ಕಿರಿಯ ರಾಜಕುಮಾರ ಬೂದಿಗುಡ್ಡೆಯಲ್ಲಿ ಮಲಗಿ ದಿನ ಕಳೆಯುತ್ತಾನೆ. ಅದು ನೆನಪಾಗಿ ನಾಲ್ಕನ್ನೂ ಬೂದಿಯಲ್ಲಿ ಹುದುಗಿಸಿ ಮೇಲೊಂದಿಷ್ಟು ಬೂದಿ ಮುಚ್ಚಿದೆ. ಆಮೇಲೆ ಆ ರಾಜಕುಮಾರನಿಗೆ ಮುಂದೇನಾಯಿತೆಂದು ಯೋಚಿಸುತ್ತ ಗೆಣಸನ್ನು ಪೂರ್ತಿ ಮರೆತೆ.

ಇತ್ತ ಅಂಗಳದಲ್ಲಿ ರಾಜಗೆಣಸುಗಳಿಗೆ ಮಜ್ಜನ ನಡೆದಿತ್ತು. ಕಾಕಾ ಬ್ರಶ್ಶು ಹಿಡಿದು ಒಂದೊಂದನ್ನೂ ಉಜ್ಜಿ ಉಜ್ಜಿ ತೊಳೆದ. ಅವು ತಾಮ್ರದ ತಂಬಿಗೆಯಂತೆ ಹೊಳೆದವು. ಆಮೇಲೆ ಫ್ರಿಜ್ಜಿನಲ್ಲಿದ್ದ ಹಾಲು, ಮೊಸರು, ಕಾಕುವಿನ ಮೂರು ದಿನದ ಹಿಟ್ಟು ಎಲ್ಲವನ್ನೂ ಹೊರಗಿಟ್ಟು ಗೆಣಸನ್ನು ಒಳಗಿಟ್ಟ.

"ಗೆಣಸು ತಂಪಿನ್ಯಾಗ ಇಡ್ತಾರೇನ್ರಿ?" ಕಾಕು ಕೇಳಿದಳು.

"ಶಾಸ್ತ್ರ!" ಕಾಕಾ ಅಂದ.

ನಾಲ್ಕನೆಯ ದಿನ ಮೊಬೈಲಿನಲ್ಲಿ ಇನ್ನೊಬ್ಬ ಪಂಡಿತ ಕಾಣಿಸಿಕೊಂಡು, ಗೆಣಸನ್ನು ಫ್ರಿಜ್ಜಿನಲ್ಲಿಟ್ಟರೆ ನಡುವೆ ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಬೇಯುವುದಿಲ್ಲ ಅಂದ. ಕಾಕಾ ಎದೆ ಹಿಡಿದುಕೊಂಡು ಓಡಿ, ಎಲ್ಲವನ್ನೂ ಹೊರತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಗಾಳಿಯಾಡದಂತೆ ಬಾಯಿ ಬಿಗಿದ. ಚೀಲದೊಳಗೆ ಗೆಣಸುಗಳು ಬೆವರಿದವು. ಎಂಟನೆಯ ದಿನ ಚೀಲ ಬಿಚ್ಚಿದಾಗ ಬಂದ ವಾಸನೆಗೆ ಪಕ್ಕದ ಮನೆಯ ರೇಣುಕಾ ಕಿಟಕಿ ಹಾಕಿಕೊಂಡಳು. ಅರ್ಧ ಗೆಣಸಿಗೆ ಬೂಸು ಬಂದಿತ್ತು.

"ಏನ್ರೀ ಬಸಂತರಾಯ್ರ," ಎಂದು ಅವಳು ಮುಚ್ಚಿದ ಕಿಟಕಿಯ ಹಿಂದಿನಿಂದಲೇ ಕೂಗಿದಳು, "ಶಾಸ್ತ್ರ ಹಳಸೇತಿ ಅನಸತೈತಿ!"

ಹೀಗಾಗಿ ಶಿವರಾತ್ರಿಯ ಹಿಂದಿನ ದಿನ ಕಾಕಾ ಕಚೇರಿಗೆ ರಜೆ ಚೀಟಿ ಕಳಿಸಿ, ಅಂಗಳದಲ್ಲಿ ಚಾಪೆ ಹಾಸಿ, ಕೆಟ್ಟದ್ದನ್ನು ಕೊಯ್ದು ಒಳ್ಳೆಯದನ್ನು ಉಳಿಸುವ ಕೆಲಸಕ್ಕೆ ಕೂತ. ಕಾಕುವನ್ನೂ ನನ್ನನ್ನೂ ಕೂರಿಸಿದ. ಸಿಪ್ಪೆ ತೆಗೆಯುತ್ತ ಹೋದಂತೆ ಗೆಣಸಿನ ಹಾಲು ಅಂಟಿ ಮೂವರ ಬೆರಳೂ ಕಪ್ಪಾದವು. ಸೋಪು ಹಚ್ಚಿದರೂ ಹೋಗದ ಕಪ್ಪು. ಸಿಪ್ಪೆಯ ರಾಶಿ ಮೊಣಕಾಲೆತ್ತರ ಬೆಳೆಯಿತು.

ಆಗ ಕಾಕಾನ ಮೊಬೈಲು ಹೊಡೆದುಕೊಂಡಿತು. ಕೈ ಅಂಟಾಗಿದ್ದರಿಂದ ಕಾಕಾ ಕಣ್ಣಿನಲ್ಲೇ ನನಗೆ ಸನ್ನೆ ಮಾಡಿದ. ನಾನು ಮೊಣಕೈಯಿಂದ ಒತ್ತಿ ಕಿವಿಗಿಟ್ಟುಕೊಂಡೆ. ಕಚೇರಿಯ ಸಾಹೇಬರು! ಅವರು ಕಳೆದ ತಿಂಗಳಷ್ಟೇ ತುಮಕೂರು ಕಡೆಯಿಂದ ವರ್ಗವಾಗಿ ಬಂದವರು. ನಮ್ಮ ಮಾತು ಅವರಿಗೆ ಜಗಳದಂತೆ ಕೇಳುತ್ತದೆಂದು ಕಾಕಾ ಹೇಳುತ್ತಿದ್ದ.

"ಬಸಂತರಾಯ ಎಲ್ರೀ? ಬೀರು ಕೀ ಅವರ ಹತ್ರಾನೇ ಇದೆ. ಇಲ್ಲಿ ಮೇಲಿನೋರು ಬಂದು ಕೂತವ್ರೆ. ಏನ್ಮಾಡ್ತಿದಾರೆ ಅವರು?"

ಇಲ್ಲಿ ನಾನು ಮಾಡಿದ್ದನ್ನು ಆಯಿಯ ಕಥೆಗಳ ಯಾವ ಮೂರ್ಖ ರಾಜಕುಮಾರಿಯೂ ಮಾಡಿಲ್ಲ. "ಗೆಣಸು ಹೆರಿಯಾಕತ್ತಾರ್ರಿ" ಎಂದಿದ್ದರೆ ಅವರಿಗೆ ತಿಳಿಯದೆ ಹೋಗಿ ನಾವು ಬದುಕಿಕೊಳ್ಳುತ್ತಿದ್ದೆವು. ಆದರೆ ದಕ್ಷಿಣದವರಿಗೆ ಅವರ ಕನ್ನಡದಲ್ಲೇ ಹೇಳೋಣ, ಬಿ.ಎಡ್. ಓದಿದ್ದಕ್ಕೂ ಸಾರ್ಥಕವಾಗಲಿ ಅನ್ನಿಸಿತು. ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದೆ:

"ಸರ್, ಕಾಕಾ ಅವರು ಗೆಣಸು ಕೆತ್ತುತ್ತಿದ್ದಾರೆ."

"ಏನಂದ್ರಿ?"

ಕೇಳಿಸಲಿಲ್ಲವೇನೋ ಎಂದುಕೊಂಡೆ. "ಗೆಣಸು ಕೆತ್ತುತ್ತಿದ್ದಾರೆ, ಸರ್. ಬೆಳಿಗ್ಗೆಯಿಂದ ಅದೇ ಕೆಲಸ. ನಾವೆಲ್ಲ ಕುಟುಂಬ ಸಮೇತ ಅದನ್ನೇ ಮಾಡುತ್ತಿದ್ದೇವೆ."

"ಓಹೋ. ಆಫೀಸಲ್ಲೂ ಅವರು ಅದನ್ನೇ ಮಾಡೋದು. ಮನೇಲೂ ಬಿಡುವಿಲ್ಲ ಅನ್ನಿ!" ಎಂದು ಫೋನು ಇಟ್ಟರು.

"ಏನಂದ್ರು?" ಕಾಕಾ ಕೇಳಿದ.

"ನೀನು ಆಫೀಸಿನ್ಯಾಗೂ ಭಾಳ ಕೆಲಸ ಮಾಡ್ತೀ, ಮನ್ಯಾಗೂ ಬಿಡುವಿಲ್ಲ ಅಂದ್ರು."

ಕಾಕಾನ ಮುಖ ಅರಳಿತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವನಿಗೆ ಸಿಕ್ಕ ಮೊದಲ ಹೊಗಳಿಕೆ ಅದು, ಒಂದೂವರೆ ತಾಸು ಬಾಳಿತು.

ಒಂದೂವರೆ ತಾಸಿನ ಮೇಲೆ ಕಚೇರಿಯ ಸಿಪಾಯಿ ನಬಿಲಾಲ ಸೈಕಲ್ಲು ಏರಿ ಬಂದ. ಒಂದು ಕೈಯಲ್ಲಿ ಬೀರುವಿನ ಬೀಗದ ಕೈಗಾಗಿ ಚೀಟಿ, ಇನ್ನೊಂದರಲ್ಲಿ ಕಾರಣ ಕೇಳುವ ನೋಟೀಸು. ಕಾಕಾ ಕಪ್ಪು ಬೆರಳುಗಳಿಂದ ಹಿಡಿದು ಗಟ್ಟಿಯಾಗಿ ಓದಿದ:

"ಕಚೇರಿಯ ತುರ್ತು ಸಂದರ್ಭದಲ್ಲಿ ತಾವು ಮನೆಯಲ್ಲಿ ಗೆಣಸು ಕೆತ್ತುತ್ತಿರುವುದಾಗಿ ತಮ್ಮ ಕುಟುಂಬದವರೇ ದೂರವಾಣಿಯ ಮೂಲಕ ಮೇಲಧಿಕಾರಿಗಳಿಗೆ ಉದ್ಧಟತನದಿಂದ ತಿಳಿಸಿರುತ್ತಾರೆ. ಈ ಬಗ್ಗೆ ತಮ್ಮ ಮೇಲೆ ಏಕೆ ಶಿಸ್ತು ಕ್ರಮ ಜರುಗಿಸಬಾರದೆಂಬುದಕ್ಕೆ ಇಂದೇ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

"ಉದ್ಧಟತನ ಎಲ್ಲಿ ಬಂತೋ ನಬಿಲಾಲ? ಹುಡುಗಿ ಖರೇನ ಹೇಳ್ಯಾಳ!"

ನಬಿಲಾಲ ತಲೆ ಕೆರೆದುಕೊಂಡ. "ಆ ಕಡಿ ಮಂದಿ ಕೆಲಸಗೇಡಿಗೆ ಹಂಗ ಅಂತಾರಂತ್ರಿ ಸರ. ಗೆಣಸ ಕೆತ್ತೂದಂದ್ರ ಸುಮ್ಮ ಕಾಲ ಕಳಿಯೂದು. ಸಾಹೇಬ್ರು ಬಂದಾವ್ರ ಮುಂದ ಕೆಂಪಗ ಆಗಿದ್ರು."

ಮೂವರೂ ನನ್ನ ಕಡೆ ತಿರುಗಿದರು. ನಾನು ಸಿಪ್ಪೆಯ ರಾಶಿಯ ಕಡೆ ತಿರುಗಿದೆ. ಅದರೊಳಗೆ ಹೊಕ್ಕು ಕೂಡುವಷ್ಟು ಜಾಗ ಇರಲಿಲ್ಲ.

ಆದರೆ ಕಾಕಾ ಧೈರ್ಯಗೆಡಲಿಲ್ಲ. ಸತ್ಯವಂತನಿಗೆ ಭಯವೇಕೆ ಎಂದು ಪೆನ್ನು ತರಿಸಿ ಅಲ್ಲೇ ಉತ್ತರ ಬರೆದ: "ನಾನು ಸದರಿ ದಿನದಂದು ನಿಜವಾಗಿಯೂ ಗೆಣಸು ಕೆತ್ತುತ್ತಿದ್ದೆನು. ಈಗಲೂ ಕೆತ್ತುತ್ತಿದ್ದೇನೆ. ಇದರಲ್ಲಿ ಸುಳ್ಳೇನೂ ಇರುವುದಿಲ್ಲ. ಸಾಕ್ಷ್ಯಾಧಾರವಾಗಿ ಸಿಪ್ಪೆಯನ್ನು ಈ ಪತ್ರದೊಂದಿಗೆ ಲಗತ್ತಿಸಿದೆ." ಕೆಳಗೆ, "ಅಡಕ: ಗೆಣಸಿನ ಸಿಪ್ಪೆ, ಒಂದು ಪೊಟ್ಟಣ."

"ಸಿಪ್ಪಿ ಬ್ಯಾಡ್ರಿ ಸರ," ಎಂದು ನಬಿಲಾಲ ಕೈಮುಗಿದ. "ನನ್ನ ಮಾತ ಕೇಳ್ರಿ, ಸಿಪ್ಪಿ ಒಂದ ಬ್ಯಾಡ."

"ಪುರಾವೆ ಬೇಕೋ ಬ್ಯಾಡೋ?" ಎಂದು ಕಾಕಾ ಒಳ್ಳೆಯ ಸಿಪ್ಪೆಗಳನ್ನೇ ಆರಿಸಿ ಕಟ್ಟಿಕೊಟ್ಟ. ಆರಿಸುವ ಶಾಸ್ತ್ರ ಅವನಿಗೆ ಸಿದ್ಧಿಸಿದ್ದು ಅದೊಂದೇ ಸಲ.

ಮರುದಿನ ಶಿವರಾತ್ರಿ. ಆಯಿ ನಸುಕಿನಲ್ಲೇ ಸ್ನಾನ ಮಾಡಿ, ವಿಭೂತಿ ಧರಿಸಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೋದ ವರ್ಷಕ್ಕಿಂತ ಈ ವರ್ಷ ಅವಳು ಒಂದು ಹಿಡಿ ಕಡಿಮೆಯಾಗಿದ್ದಾಳೆಂದು ನನಗೆ ಆವತ್ತೇ ಕಂಡಿತು.

ಮಧ್ಯಾಹ್ನದ ಹೊತ್ತಿಗೆ ನೋಟೀಸಿನ ಸುದ್ದಿ ರೇಣುಕಾಳ ಕಿಟಕಿಯಿಂದ ಹೊರಬಿದ್ದು, ಊರು ದಾಟಿ, ಬಸ್ಸು ಹತ್ತಿ ತಾಲೂಕು ತಾಲೂಕು ತಿರುಗಿ, ಬೆಳೆದು ದೊಡ್ಡದಾಗಿ ನಮ್ಮ ಮನೆಗೇ ಮರಳಿ ಬಂತು. ಇಂಡಿಯಿಂದ ಕಾಕುವಿನ ಅಣ್ಣ ಸಂಗಮೇಶ ಮಾವ ಕಲ್ಲಂಗಡಿ ಹೊತ್ತು ಬಂದು, ಬಾಗಿಲಲ್ಲೇ ಕಾಕಾನನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡ.

"ಧೈರ್ಯಾ ಬಿಡಬ್ಯಾಡ್ರಿ ಬಸಂತರಾಯ್ರ. ನೌಕರಿ ಹ್ವಾದ್ರ ಹೋಗಲಿ."

"ಎಲ್ಲಿ ಹೋಗೇತಿ? ಬರೇ ನೋಟೀಸ ಬಂದೈತಿ."

"ಮೊದಲ ಹಂಗ ಅಂತಾರ," ಎಂದು ಮಾವ ಚಾಪೆಯ ಮೇಲೆ ಸಾವಿನ ಮನೆಯಲ್ಲಿ ಕೂಡುವಂತೆ ಕೂತ. ಅವನ ಹಿಂದೆ ಓಣಿಯ ಹತ್ತು ಹನ್ನೆರಡು ಜನ ಬಂದು ಹಾಗೇ ಕೂತರು.

ಕಾಕಾ ಅವರನ್ನು ಕಣ್ಣೆತ್ತಿ ನೋಡದೆ ಅಡುಗೆಮನೆಗೆ ಹೋದ. ಬೂಸು ಕಳೆದು ಉಳಿದ ಗೆಣಸೆಲ್ಲವನ್ನೂ ದೊಡ್ಡ ಕುಕ್ಕರಿಗೆ ಸುರಿದು, ಬಾಯಿತನಕ ನೀರು ಹಾಕಿ, ಮುಚ್ಚಳ ಬಿಗಿದು ಒಲೆ ಹಚ್ಚಿದ.

"ಸಿಪ್ಪಿ ತಗದು ಇಷ್ಟ ನೀರಾಗ ಹಾಕಿದ್ರ..." ಕಾಕು ಶುರು ಮಾಡಿದಳು.

"ಮೂರು ಸೀಟಿ," ಎಂದು ಕಾಕಾ ಮೂರು ಬೆರಳು ತೋರಿಸಿದ. "ಮೂರನೇ ಸೀಟಿಗೆ ಬಂದ್ ಮಾಡಾಂವ ನಾನ. ಯಾರೂ ಮುಟ್ಟಂಗಿಲ್ಲ."

ಮೊದಲ ಸೀಟಿಗೆ ಮುದ್ದೇಬಿಹಾಳದಿಂದ ಫೋನು ಬಂತು. ಕಾಕಾನ ಸೋದರಳಿಯ ಕಲ್ಮೇಶ. ಕಾಕಾ ಎಲ್ಲರೂ ಕೇಳಲೆಂದು ಸ್ಪೀಕರು ಹಾಕಿದ. ಅದೊಂದು ತಪ್ಪು.

"ಮಾವಾ, ನೀ ತಿಂದು ಸಿಕ್ಕೊಂಡಿ ಅಂತಲ್ಲೋ!"

"ಏನ ತಿಂದೆ? ಯಾರ ಅಂದ್ರು? ನಾ ತಿಂದಿಲ್ಲೋ!"

"ನನ್ನ ಮುಂದ ಯಾಕ ಮುಚ್ಚಿಡ್ತಿ? ಎಷ್ಟು ತಿಂದಿ ಹೇಳು, ವಕೀಲ್ರ ಗುರುತದಾರ."

"ಒಂದೂ ತಿಂದಿಲ್ಲ! ಇವತ್ತ ಉಪಾಸ ಐತಿ!"

"ಇವತ್ತ ತಿಂದಿಲ್ಲ, ಖರೆ. ನಿನ್ನೆ?"

ಕಾಕು ಫೋನಿಗೆ ಬಾಯಿ ಹಚ್ಚಿದಳು. "ನಿನ್ನೆನೂ ತಿಂದಿಲ್ಲೋ ತಮ್ಮಾ! ಇನ್ನಾ ಕುದಿಯಾಕತ್ತಾವ!"

ಪಡಸಾಲೆಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಗಮೇಶ ಮಾವ ತಲೆ ಅಲ್ಲಾಡಿಸಿ, "ಇದರಾಗ ನಮ್ಮ ತಂಗೀನೂ ಪಾಲದಾಳ ಅನಸತೈತಿ," ಅಂದ. ಕಾಕು ತಿರುಗಿ ಬಿದ್ದಳು. ಅಣ್ಣ ತಂಗಿಯ ಹಳೆಯ ಲೆಕ್ಕವಿಲ್ಲದ ಜಗಳಗಳೆಲ್ಲ ಎದ್ದು ಬಂದವು. ಕಾಕಾ ನಡುವೆ ನಿಂತು ಎರಡೂ ಕಡೆಗೂ ಫೋನಿಗೂ ತಾನು ತಿಂದಿಲ್ಲವೆಂದು ವಿವರಿಸುತ್ತಲೇ ಇದ್ದ. ಅಷ್ಟರಲ್ಲಿ ಕುಕ್ಕರು ಹದಿನಾಲ್ಕು ಸೀಟಿ ಹೊಡೆದು, ಹದಿನೈದನೆಯದಕ್ಕೆ ಉಸಿರಿಲ್ಲದೆ ಸುಮ್ಮನಾಯಿತು.

ಮುಚ್ಚಳ ತೆಗೆದಾಗ ಒಳಗೆ ಗೆಣಸಿರಲಿಲ್ಲ. ಬೂದುಬಣ್ಣದ, ನಾರು ತೇಲುವ, ಹುಳಿವಾಸನೆಯ ಅಂಬಲಿಯಿತ್ತು. ನಡುನಡುವೆ ಫ್ರಿಜ್ಜಿನಲ್ಲಿ ಕಲ್ಲಾದ ಗಂಟುಗಳು ಮಾತ್ರ ಹಟ ಹಿಡಿದು ಬೇಯದೆ ಕೂತಿದ್ದವು. ಕಾಕಾ ಅದನ್ನು ಬಟ್ಟಲಿಗೆ ಹಾಕಿ, ಆಯಿಯ ಮುಂದಿಟ್ಟ.

ಆಯಿ ಬಟ್ಟಲನ್ನು ನೋಡಿದಳು. "ಇದು ನನಗೋ, ಎಮ್ಮಿಗೋ?"

ಕೂತವರಲ್ಲಿ ಯಾರೋ ಕಿಸಕ್ಕೆಂದರು.

"ಆಯಿ, ಒಂದ ಗುಟಕ ಹಾಲಾರ ಕುಡಿ," ಎಂದೆ ನಾನು. ಅವಳ ತುಟಿ ಒಣಗಿ ಬಿಳಿಚಿದ್ದವು. ಸಂಗಮೇಶ ಮಾವ ಕಲ್ಲಂಗಡಿಯ ಹೋಳು ಹಿಡಿದು ಬಂದ. ಆಯಿ ಕೈಯೆತ್ತಿ ತಡೆದಳು.

"ಮಾತ ಕೊಟ್ಟಾಂವ ಇಲ್ಲೇ ನಿಂತಾನಲ್ಲ. ಅವನ ಕೊಡ್ಲಿ," ಎಂದು ಗೋಡೆಯ ಕಡೆ ತಿರುಗಿದಳು.

ಕಾಕಾ ಚಪ್ಪಲಿಯನ್ನೂ ಮೆಟ್ಟದೆ ಹೊರಟ. ಸ್ಕೂಟಿ ಏಳು ಒದೆತಕ್ಕೂ ಏಳಲಿಲ್ಲ. ಅವನೂ ನಾನೂ ಓಡಿದೆವು. ಶಿವರಾತ್ರಿಯ ದಿನ ಇಳಿಹೊತ್ತಿನಲ್ಲಿ ಸಿಂದಗಿಯ ಬಜಾರಿನಲ್ಲಿ ಗೆಣಸು ಹುಡುಕಿದವರ ಪಾಡು ನನ್ನ ವೈರಿಗೂ ಬೇಡ. ಇಡೀ ಊರು ಗೆಣಸು ಒಯ್ದು, ಬೇಯಿಸಿ, ಆರಲು ಇಟ್ಟಿತ್ತು. ಸಗೀರಾ ಬರಿದಾದ ತಾಡಪತ್ರಿ ಮಡಚುತ್ತಿದ್ದಳು.

"ಒಂದ! ಒಂದ ಗೆಣಸು ಕೊಡವಾ!" ಕಾಕಾ ಅವಳ ಮುಂದೆ ಕೂತೇಬಿಟ್ಟ. "ಸಣ್ಣದಿರಲಿ, ದರಿದ್ರದಿರಲಿ, ಮಣ್ಣ ಹತ್ತಿರಲಿ!"

"ಮುಂಜಾನೆ ಮುಗದ್ವು ಸಾಹೇಬ್ರ. ಹತ್ತು ಕಿಲೋ ಒಯ್ದಿದ್ರೆಲಾ?"

ಕಾಕಾ ಎರಡೂ ಕೈ ಮುಂದೆ ಚಾಚಿದ. ಅವನ ಕಪ್ಪು ಬೆರಳು ನೋಡಿಯೇ ಅವಳಿಗೆ ಎಲ್ಲ ತಿಳಿಯಿತೆಂದು ಕಾಣುತ್ತದೆ.

"ತೊಳದ್ರ್ಯಾ?"

"ತೊಳದೆ."

"ಅಯ್ಯ ಅಲ್ಲಾ." ಅವಳು ತಾಡಪತ್ರಿಯನ್ನು ಇನ್ನೊಂದು ಮಡಿಕೆ ಮಡಚಿದಳು. "ಕೊಸರು ಹಾಕಿದ್ದೆಲಾ, ನಾಕು? ಅವೇನ ಮಾಡಿದ್ರಿ?"

"ಅವನ್ನ ಒಗದ..." ಎನ್ನುತ್ತ ಕಾಕಾ ನನ್ನ ಕಡೆ ತಿರುಗಿದ.

ನನಗೆ ಬೂದಿಯಲ್ಲಿ ಮಲಗಿದ ರಾಜಕುಮಾರ ನೆನಪಾದ.

ಮನೆಗೆ ಹೇಗೆ ಬಂದೆವೆಂದು ಗೊತ್ತಿಲ್ಲ. ಪಡಸಾಲೆಯಲ್ಲಿ ಕೂತವರ ನಡುವಿನಿಂದಲೇ ಹಾದು ಬಚ್ಚಲಿಗೆ ನುಗ್ಗಿ, ಡಬ್ಬಿಯನ್ನು ಕವುಚಿ ಹಾಕಿದೆ. ಬೂದಿ ಎದ್ದು ಇಬ್ಬರ ಮುಖವೂ ಬೆಳ್ಳಗಾಯಿತು. ಒಂದು ಗೆಣಸು ಸಿಕ್ಕಿತು, ಇಲಿ ತಿಂದು ಬರೀ ಸಿಪ್ಪೆ ಉಳಿದಿತ್ತು. ಇನ್ನೊಂದು ಸಿಕ್ಕಿತು. ಗಟ್ಟಿಯಾಗಿತ್ತು. ಮತ್ತೊಂದು, ಮತ್ತೂ ಒಂದು. ಮೂರಕ್ಕೂ ಮಣ್ಣು ಹಾಗೇ ಇತ್ತು, ಸಂತೆಯಿಂದ ಆಗಷ್ಟೇ ತಂದಂತೆ.

ಕಾಕಾ ಅವನ್ನು ಬೊಗಸೆಯಲ್ಲಿ ಹಿಡಿದು, ಆರಿದ ಒಲೆಯ ಮುಂದೆ ಕುಸಿದು ಕೂತ. ಬೂದಿ ಮೆತ್ತಿದ ಕೆನ್ನೆಯ ಮೇಲೆ ನೀರು ಇಳಿದು ಎರಡು ಗೆರೆ ಮೂಡಿದವು.

"ಭಾಗ್ಯಾ, ಇವನ್ನೂ ನಾ ಕೆಡಸ್ತೇನಿ ನೋಡ. ನನ್ನ ಹಣೇಬಾರಾನ ಹಂಗೈತಿ. ತೊಟ್ಟಲಾ ಮುಗೀಲಿಲ್ಲ. ನಮ್ಮವ್ವ ನನ್ನ ಮಾತಿಗೆ ಒಂದ ಸಲಾನೂ ಹೂಂ ಅಂದಿಲ್ಲ, ನಿನಗ ಗೊತ್ತೈತಿ? ಒಂದ ಸಲಾ. ಸಣ್ಣಾಂವ ಇದ್ದಾಗಿಂದ."

ಗೊತ್ತಿತ್ತು. ಜೇಬಿನಿಂದ ಅವನ ಮೊಬೈಲು ತೆಗೆದು ನನ್ನ ಬಳಿ ಇಟ್ಟುಕೊಂಡೆ. ಕಟ್ಟಿಗೆ ತಂದು ಕೊಟ್ಟೆ.

ಒಲೆ ಹೊತ್ತಿತು. ಮೊದಲನೆಯದನ್ನು ಅವಸರದಲ್ಲಿ ಉರಿಗೇ ಹಾಕಿದ; ಅದು ಸುಟ್ಟು ಇದ್ದಿಲಾಯಿತು. ಆಗ ಪಡಸಾಲೆಯಿಂದ ಆಯಿಯ ದನಿ ಕೇಳಿತು, ಗೋಡೆಗೆ ಹೇಳಿದಂತೆ:

"ಉರಿ ಆರಿದ ಮ್ಯಾಲ ಕೆಂಡದ ಬಾಜೂಕ ಬಿಸಿ ಬೂದ್ಯಾಗ ಹುಗೀತಾರ. ಕದಲಸೂದಿಲ್ಲ. ಕಾಯ್ತಾರ."

ಕಾಕಾ ಉರಿ ಆರುವವರೆಗೆ ಕಾದ. ಉಳಿದ ಎರಡನ್ನು ಬಿಸಿಬೂದಿಯಲ್ಲಿ ಹುಗಿದು, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತ, ಆ ಕೈಗಳು ತಾವಾಗಿ ಏನಾದರೂ ಮಾಡಿಬಿಟ್ಟಾವೆಂದು.

ಆ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಓಣಿಯವರು ಥಟ್ಟನೆ ಎದ್ದು ನಿಂತರು. ಸಾಹೇಬರು! ಕೈಯಲ್ಲಿ ಕಾಕಾನ ಉತ್ತರದ ಪ್ರತಿ.

"ಬಸಂತರಾಯರೇ, ನಿಮಗೆ ತಮಾಷೆನಾ? ಆಫೀಸಿಗೆ ಸಿಪ್ಪೆ ಕಳಿಸ್ತೀರಾ?"

ಅಷ್ಟರಲ್ಲಿ ಅವರ ಕಣ್ಣು ಅಂಗಳದ ಮೇಲೆ ಬಿತ್ತು. ಅಂಗಳದ ಮೂಲೆಯಲ್ಲಿ ಮೊಣಕಾಲೆತ್ತರದ ಸಿಪ್ಪೆಯ ಗುಡ್ಡ. ಅದರ ಮೇಲೆ ರೇಣುಕಾಳ ಆಡು ನಿಂತು ತಿನ್ನುತ್ತಿತ್ತು. ಬಚ್ಚಲಿನಿಂದ ಎದ್ದುಬಂದ ಕಾಕಾ ಕೈಮುಗಿದಿದ್ದ; ಹತ್ತೂ ಬೆರಳು ಕಪ್ಪು. ಕಾಕುವಿನವೂ ಕಪ್ಪು, ನನ್ನವೂ ಕಪ್ಪು.

"ಅಂದ್ರೆ..." ಸಾಹೇಬರು ಒಬ್ಬೊಬ್ಬರ ಕೈಯನ್ನೂ ನೋಡಿದರು. "ನಿಜವಾಗ್ಲೂ ಗೆಣಸು ಕೆತ್ತುತಾ ಇದ್ರಾ?"

"ಹೌದ್ರಿ ಸರ. ಬರದೇನೆಲ್ರಿ."

ಸಾಹೇಬರು ಕಂಬದ ಬಳಿಯ ಸ್ಟೂಲಿನ ಮೇಲೆ ಕೂತುಬಿಟ್ಟರು. "ಅಯ್ಯೋ. ಆ ಸಿಪ್ಪೇನ ನಾನು ನಿನ್ನೆ ಸಾಯಂಕಾಲಾನ ಜಿಲ್ಲೆಗೆ ಕಳಿಸಿಬಿಟ್ಟೆ, ವರದಿ ಜೊತೆ. ಅಲ್ಲಿ ಅದಕ್ಕೆ ನಂಬರ್ ಬಿದ್ದಿರತ್ತೆ. ಇನ್ನು ವಾಪಸ್ ತರಿಸೋಕಾಗಲ್ಲ. ಸಿಪ್ಪೆ ಬಗ್ಗೆ ವಿಚಾರಣೆ ಆಗ್ಲೇಬೇಕು."

"ಎಷ್ಟ ದಿನಾ ನಡೀತೈತ್ರಿ?" ಕಾಕಾ ಕೇಳಿದ.

"ನಾನು ನೋಡಿರೋ ಹಾಗೆ, ನೀವು ರಿಟೈರ್ ಆಗೋ ಹೊತ್ತಿಗೆ ಮುಗೀಬಹುದು."

"ಯಾರಪ್ಪಾ ನೀನು?" ಆಯಿ ಕೇಳಿದಳು. "ಉಪಾಸ ಅದಿಯೇನು?"

"ಹೌದಜ್ಜಿ. ಇಲ್ಲಿ ರೂಮಲ್ಲಿ ಒಬ್ಬನೇ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ಬಸಂತಾ, ಬಂದ ಮನಶ್ಯಾಗ ಗೆಣಸು ಕೊಡು."

ಕಾಕಾ ಒಮ್ಮೆ ಆಯಿಯನ್ನು, ಒಮ್ಮೆ ಸಾಹೇಬರನ್ನು ನೋಡಿದ. ಬಚ್ಚಲಿಗೆ ಹೋಗಿ ಕಡ್ಡಿಯಿಂದ ಬೂದಿ ಕೆದರಿದ. ಎರಡು. ಒಂದನ್ನು ತಟ್ಟೆಯಲ್ಲಿಟ್ಟು ಸಾಹೇಬರಿಗೆ ಕೊಟ್ಟ. ಅವರು ಸಿಪ್ಪೆ ಬಿಡಿಸಿದರು. ಒಳಗೆ ಹಳದಿ, ಹಬೆ, ಬೆಲ್ಲದ ವಾಸನೆ. ಎರಡು ತುತ್ತಿಗೆ ಮುಗಿಸಿ, ಇನ್ನೊಂದಿದೆಯೇ ಎಂಬಂತೆ ಬಚ್ಚಲ ಕಡೆ ನೋಡಿದರು. ಕಾಕು ಲಗುಬಗೆಯಿಂದ ಅವರ ಮುಂದೆ ಕಲ್ಲಂಗಡಿಯ ಅರ್ಧ ಹಣ್ಣನ್ನೇ ಸರಿಸಿದಳು.

ಕೊನೆಯ ಗೆಣಸನ್ನು ಕಾಕಾ ಬರಿಗೈಯಲ್ಲೇ ಎತ್ತಿದ. ಸುಡುತ್ತಿತ್ತು, ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಮಾಡಿಕೊಂಡು ಬಂದ. ಹೊಸ್ತಿಲಿಗೆ ಕಾಲು ತಾಗಿ ಮುಗ್ಗರಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವನು ಮೊಣಕಾಲೂರಿ ಆಯಿಯ ಮುಂದೆ ಕೂತಿದ್ದ, ಗೆಣಸು ಎದೆಗೆ ಅವುಚಿಕೊಂಡು. ಅಂಗಿಯ ಮೇಲೆ ದುಂಡಗೆ ಕಪ್ಪು ಮಸಿ. ಊದಿ ಊದಿ ಸಿಪ್ಪೆ ಸುಲಿದ. ಬೂದಿಯ ಒಂದು ಚೂರನ್ನು ಉಗುರಿನಿಂದ ತೆಗೆದ. ಆಯಿಗೆ ಹಲ್ಲಿಲ್ಲವೆಂದು ಬೆರಳಿನಿಂದ ಮಿದ್ದು, ಸಣ್ಣ ತುತ್ತು ಮಾಡಿ ಬಾಯಿಗಿಟ್ಟ.

ಆಯಿ ಕಣ್ಣುಮುಚ್ಚಿ ಬಹಳ ಹೊತ್ತು ಚಪ್ಪರಿಸಿದಳು. ಎರಡನೆಯ ತುತ್ತು. ಮೂರನೆಯದು. ಅಷ್ಟೇ ಇತ್ತು. ದೀಪ ಹಚ್ಚುವ ಹೊತ್ತಾಗಿತ್ತು, ಯಾರೂ ಏಳಲಿಲ್ಲ.

"ಯವ್ವಾ," ಎಂದ ಕಾಕಾ. "ನಾ ಆರಿಸಿದ್ವು ಅಲ್ಲ ಇವು. ಕೊಸರಿನ್ವು. ಒಗಿ ಅಂದಿದ್ದೆ. ಆದ್ರ ಸುಟ್ಟಾಂವ ನಾನ."

ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಗೋಡೆ ನೋಡಲಿಲ್ಲ. ಬೂದಿ ಮೆತ್ತಿದ ಮಗನ ಮುಖವನ್ನೇ ನೋಡಿದಳು.

"ಹೂಂ," ಅಂದಳು.